ಲಗಾಮಿಗೆ ಮುನ್ನ ಆಸನ

ಶಿಕ್ಷಣವನ್ನು ಕುರಿತು ಮಾತನಾಡುವವರು ಕುದುರೆಯ ಉಪಮೆಯನ್ನು ಆಶ್ರಯಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಮನಸ್ಸು ಕುದುರೆ, ವಿವೇಕ ಲಗಾಮು ಎಂದು ಹೇಳಿಬಿಟ್ಟರೆ ಶಿಸ್ತಿನ ವಿಷಯದಲ್ಲಿ ಹೇಳಬೇಕಾದುದೆಲ್ಲ ಮುಗಿಯಿತೆಂಬ ಸಮಾಧಾನ ಹೇಳಿದವರಿಗೂ ಕೇಳಿದವರಿಗೂ ಉಂಟಾಗುತ್ತದೆ. ಹುಡುಗನು ಹದ್ದು ಮೀರಿದರೆ ಅವನಿಗೆ ಲಗಾಮು ಹಾಕಬೇಕೆನ್ನುತ್ತೇವೆ. ಮಾತು ಮಿತಿ ಮೀರಿದವನಿಗೆ ನಾಲಗೆಗೆ ಕಡಿವಾಣವಿರಲಿ ಎನ್ನುತ್ತೇವೆ. ಕಠೋಪನಿಷತ್ತಿನ ರಥರೂಪಕದಿಂದ ಮೊದಲ್ಗೊಂಡು ಇಂದಿನ ಬೀದಿಯ ಮಾತಿನವರೆಗೆ ಲಗಾಮು ಸಂಯಮದ ಸಂಕೇತವಾಗಿ ನಿಂತಿದೆ. ಆದರೆ ನಿಜವಾದ ಕುದುರೆಯ ಬೆನ್ನಿನ ಮೇಲೆ ನಿಜವಾದ ಮಗುವೊಂದನ್ನು ಕುಳ್ಳಿರಿಸಿ ಸವಾರಿಯನ್ನು ಕಲಿಸಹೊರಟಾಗ ಈ ಉಪಮೆಯೇ ನಮ್ಮನ್ನು ದಾರಿ ತಪ್ಪಿಸುವ ಸಂಭವವುಂಟು. ಲಗಾಮು ಅಲ್ಲಿ ಬಹಳ ತಡವಾಗಿ ಬರತಕ್ಕ ಪಾಠ. ಅದಕ್ಕೆ ಮುನ್ನ ಮಗುವಿಗೆ ಬರಬೇಕಾದುದು ಆಸನ, ಅಂದರೆ ಕುದುರೆಯ ಮೇಲೆ ಸಮತೋಲದಿಂದಲೂ ಬಿಗುವಿಲ್ಲದೆಯೂ ಕುಳಿತಿರುವ ವಿದ್ಯೆ.

ಈ ವಿಷಯವನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. ನಮ್ಮ ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಶಾಲೆಯ ಹಿಂಬದಿಯ ಬಯಲಿನಲ್ಲಿ ಕುದುರೆ ಸವಾರಿಯ ತರಬೇತಿಯನ್ನು ಆರಂಭಿಸಬೇಕೆಂದೂ, ಅದಕ್ಕೆ ಬೇಕಾದ ಕುದುರೆಗಳನ್ನು ತಾವೇ ಒದಗಿಸಿಕೊಡುವುದಾಗಿಯೂ ಉದಾರ ಮನಸ್ಸಿನಿಂದ ಮುಂದೆ ಬಂದಿದ್ದಾರೆ. ಅವರ ಔದಾರ್ಯ ಪ್ರಶಂಸನೀಯ. ಜೊತೆಗೆ ಅವರದೊಂದು ಅಪೇಕ್ಷೆಯೂ ಇದೆ: ಬರುವ ಜಾತ್ರೆಯ ರಥೋತ್ಸವದಲ್ಲಿ ನಮ್ಮ ಹನ್ನೆರಡು ಮಕ್ಕಳು ಕುದುರೆಯೇರಿ ತೇರಿನ ಮುಂದೆ ಸಾಗಬೇಕು. ಜಾತ್ರೆಗೆ ಉಳಿದಿರುವುದು ಐದು ತಿಂಗಳು. ತರಬೇತಿ ಬೇಕು, ಆದರೆ ಈ ವರ್ಷದ ಮೆರವಣಿಗೆ ಬೇಡ ಎಂಬುದು ನನ್ನ ಅಭಿಮತ. ಕನ್ನಡ ಪಂಡಿತನಿಗೆ ಕುದುರೆಯ ವಿಷಯದಲ್ಲೇನು ಅಧಿಕಾರವೆಂದು ಕೇಳುವವರಿಗೆ ನಾನು ಹೇಳಬಹುದಾದುದಿಷ್ಟೇ: ಮಗುವಿಗೆ ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ಅನಂತರ ಕಲಿಸಬೇಕು ಎಂಬ ಪ್ರಶ್ನೆ ಎಲ್ಲ ಉಪಾಧ್ಯಾಯರಿಗೂ ಸೇರಿದ್ದು. ಇನ್ನುಳಿದುದಕ್ಕೆ ಆ ವಿದ್ಯೆಯನ್ನು ಬಲ್ಲವರು ಹೇಳಿರುವುದೇ ಆಧಾರ.

ಆಸನವೆಂಬ ಶಬ್ದವನ್ನು ನಾನು ಬೇಕೆಂದೇ ಬಳಸಿದ್ದೇನೆ. ಯೋಗಶಾಸ್ತ್ರವು ಆಸನಕ್ಕೆ ಎರಡು ಲಕ್ಷಣಗಳನ್ನು ಹೇಳುತ್ತದೆ: ಒಂದು ಸ್ಥೈರ್ಯ, ಇನ್ನೊಂದು ಸುಖ. ಅದು ಸಿದ್ಧಿಸುವುದು ಪ್ರಯತ್ನದ ಬಿಗಿಯನ್ನು ಸಡಿಲಗೊಳಿಸುವುದರಿಂದ ಎಂದೂ ಅಲ್ಲಿಯೇ ಹೇಳಿದೆ. ನೆಲದ ಮೇಲೆ ಕುಳಿತ ಯೋಗಿಗೆ ಹೇಳಿದ ಈ ಮಾತು, ಚಲಿಸುವ ಪ್ರಾಣಿಯ ಬೆನ್ನಿನ ಮೇಲೆ ಕುಳಿತ ಹತ್ತು ವರ್ಷದ ಮಗುವಿಗೆ ಅಕ್ಷರಶಃ ಅನ್ವಯಿಸುತ್ತದೆ. ಸ್ಥೈರ್ಯವಿದ್ದು ಸುಖವಿಲ್ಲದಿದ್ದರೆ ಮಗು ಮರದ ಬೊಂಬೆಯಂತೆ ಸೆಟೆದು ಕುಳಿತು, ಕುದುರೆಯ ಹೆಜ್ಜೆಹೆಜ್ಜೆಗೂ ಕುಕ್ಕರಿಸಲ್ಪಡುತ್ತದೆ. ಸುಖವಿದ್ದು ಸ್ಥೈರ್ಯವಿಲ್ಲದಿದ್ದರೆ ಹೇರಿದ ಮೂಟೆಯಂತೆ ಅತ್ತಿತ್ತ ವಾಲುತ್ತದೆ. ಎರಡೂ ಕೂಡಿದಾಗ ಮಾತ್ರ ಅದು ಸವಾರಿ. ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರು ನೆಟ್ಟಗೆ ಕುಳಿತು ಸಾಗುವುದನ್ನು ನೋಡಿದವರು, ಸವಾರನೆಂದರೆ ಬಿಗಿದುಕೊಂಡು ಕೂರುವವನೆಂದು ಭಾವಿಸುವುದುಂಟು. ಅವರ ಸೊಂಟದ ಕಡೆಗೆ ಗಮನವಿಟ್ಟರೆ ನಿಜಸ್ಥಿತಿ ತಿಳಿಯುತ್ತದೆ. ಮೇಲಿನ ಮೈ ನಿಶ್ಚಲವಾಗಿ ಕಾಣುವುದು, ಕೆಳಗೆ ಸೊಂಟವು ಕುದುರೆಯ ಚಲನೆಯನ್ನೆಲ್ಲ ತಾನು ಹೀರಿಕೊಳ್ಳುತ್ತಿರುವುದರಿಂದ.

ಇದರ ಮರ್ಮವನ್ನು ಸ್ವಲ್ಪ ಬಿಡಿಸಿ ನೋಡೋಣ. ನಾವು ಕುಳಿತುಕೊಳ್ಳುವುದು ಸೊಂಟದ ಎಲುಬುಗೂಡಿನ ತಳದಲ್ಲಿರುವ ಎರಡು ಎಲುಬಿನ ತುದಿಗಳ ಮೇಲೆ. ಗಟ್ಟಿಯಾದ ಮಣೆಯ ಮೇಲೆ ಕುಳಿತು ಅಂಗೈಗಳನ್ನು ಅಡಿಗಿಟ್ಟುಕೊಂಡರೆ ಅವು ಯಾರ ಕೈಗಾದರೂ ಸಿಕ್ಕುತ್ತವೆ. ಸವಾರನ ಭಾರವು ಈ ಎರಡರ ಮೇಲೂ ಸಮನಾಗಿ ಬೀಳಬೇಕು. ತೊಡೆಗಳು ಸೊಂಟದಿಂದ ಸಡಿಲವಾಗಿ ಇಳಿಬಿದ್ದಿರಬೇಕು. ಪಕ್ಕದಲ್ಲಿ ನಿಂತು ನೋಡಿದರೆ ಕಿವಿ, ಭುಜ, ಸೊಂಟದ ಕೀಲು, ಹಿಮ್ಮಡಿ ಈ ನಾಲ್ಕೂ ಗಾರೆಯವನ ತೂಗುಗುಂಡಿನ ದಾರದಂತೆ ಒಂದೇ ನೇರದಲ್ಲಿರಬೇಕು. ಕುದುರೆಯು ಹೆಜ್ಜೆನಡಿಗೆಯಲ್ಲಿ ಸಾಗುವಾಗ ಅದರ ಬೆನ್ನಿನ ಎಡಬಲ ಪಾರ್ಶ್ವಗಳು ಪರ್ಯಾಯವಾಗಿ ಏರಿಳಿಯುತ್ತವೆ. ಸಡಿಲವಾಗಿ ಕುಳಿತ ಸವಾರನ ಸೊಂಟ ಅದನ್ನು ಅನುಸರಿಸಿ ತಾನೂ ನಡೆಯುತ್ತದೆ. ಈ ಚಲನೆ ಮನುಷ್ಯನು ತನ್ನ ಕಾಲಿನಲ್ಲಿ ನಡೆಯುವಾಗ ಅವನ ಸೊಂಟದಲ್ಲಾಗುವ ಚಲನೆಗೆ ಬಹಳ ಸಮೀಪವಾದುದು. ನಡೆಯಲು ಕಷ್ಟಪಡುವ ಮಕ್ಕಳಿಗೆ ಕುದುರೆಯ ಸವಾರಿಯನ್ನು ಚಿಕಿತ್ಸೆಯ ಅಂಗವಾಗಿ ಹಲವು ದೇಶಗಳಲ್ಲಿ ಬಳಸುತ್ತಿರುವುದಕ್ಕೆ ಇದೇ ಆಧಾರ.

ಮಗು ಹೆದರಿದಾಗ ಮಾಡುವ ಮೊದಲ ಕೆಲಸ ಮೊಣಕಾಲುಗಳಿಂದ ಜೀನನ್ನು ಅವಚಿ ಹಿಡಿಯುವುದು. ಬಿಗಿಯಾಗಿ ಹಿಡಿದರೆ ಬೀಳುವುದಿಲ್ಲವೆಂದು ಅದಕ್ಕೆ ತೋರುತ್ತದೆ. ಪಕ್ಕದಲ್ಲಿ ನಿಂತ ಹಿರಿಯರೂ ಕಾಲು ಬಿಗಿಹಿಡಿ ಎಂದೇ ಕೂಗುತ್ತಾರೆ. ಪರಿಣಾಮ ವಿಪರೀತವಾದುದು. ನೆನೆಹಾಕಿದ ಅವರೆಕಾಳನ್ನು ಎರಡು ಬೆರಳುಗಳ ನಡುವೆ ಹಿತುಕಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಹೊರಬೀಳುವುದನ್ನು ನಮ್ಮ ಅಡುಗೆಮನೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಮೊಣಕಾಲುಗಳು ಹಿತುಕಿದಷ್ಟೂ ಸವಾರನ ಆಸನವು ಹಾಗೆಯೇ ಜೀನಿನಿಂದ ಮೇಲಕ್ಕೆ ಜಾರುತ್ತದೆ. ಸೊಂಟದ ಕೀಲು ಬಿಗಿಯಾಗುತ್ತದೆ; ಹಿಮ್ಮಡಿ ಮೇಲೇಳುತ್ತದೆ; ದೇಹದ ಭಾರವು ನೆಲದ ಕಡೆಗಿಳಿಯುವ ಬದಲು ಎದೆ ಹೆಗಲುಗಳಿಗೆ ಏರುತ್ತದೆ. ಬೀಳಬಾರದೆಂದು ಮಾಡಿದ ಪ್ರಯತ್ನವೇ ಬೀಳುವುದಕ್ಕೆ ಅನುಕೂಲವಾಗುತ್ತದೆ.

ಇಂಥ ಸ್ಥಿತಿಯಲ್ಲಿರುವ ಮಗುವಿನ ಕೈಗೆ ಲಗಾಮು ಕೊಟ್ಟರೆ ಏನಾಗುತ್ತದೆ? ಮುಳುಗುವವನು ಹುಲ್ಲುಕಡ್ಡಿಯನ್ನು ಹಿಡಿಯುವಂತೆ ಮಗು ಲಗಾಮನ್ನು ಹಿಡಿದು ಜೋತುಬೀಳುತ್ತದೆ. ಲಗಾಮಿನ ಆಚೆಯ ತುದಿಯಲ್ಲಿರುವುದು ಕಡಿವಾಣ. ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪಿದೆ. ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ವಸಡು ಮಾತ್ರವಿರುತ್ತದೆ. ಕಡಿವಾಣವು ನೆಲೆಸುವುದು ಆ ತೆರಪಿನಲ್ಲಿ. ಮಗುವಿನ ಭಾರವೆಲ್ಲ ಅಲ್ಲಿ ಜಗ್ಗಿದರೆ ಕುದುರೆ ನೋವಿನಿಂದ ತಲೆಯನ್ನು ಮೇಲೆತ್ತುತ್ತದೆ; ತಲೆಯೆತ್ತಿದ ಕುದುರೆಯ ಬೆನ್ನು ಕೆಳಗೆ ಕುಸಿದು ಗಡುಸಾಗುತ್ತದೆ; ಗಡುಸಾದ ಬೆನ್ನು ಮಗುವನ್ನು ಇನ್ನಷ್ಟು ಕುಕ್ಕುತ್ತದೆ; ಕುಕ್ಕಿದಷ್ಟೂ ಮಗು ಲಗಾಮನ್ನು ಇನ್ನಷ್ಟು ಬಿಗಿಹಿಡಿಯುತ್ತದೆ. ಈ ವಿಷವರ್ತುಲದಲ್ಲಿ ಮಗುವೂ ತಪ್ಪು ಮಾಡಿಲ್ಲ, ಕುದುರೆಯೂ ತಪ್ಪು ಮಾಡಿಲ್ಲ. ತಪ್ಪು ಕಲಿಸಿದವರದು. ಆಸನವಿಲ್ಲದ ಕೈಗೆ ಲಗಾಮು ಕೊಡುವುದೆಂದರೆ ಒಂದು ಮೂಕಪ್ರಾಣಿಯ ಬಾಯನ್ನು ಮಗುವಿನ ಊರುಗೋಲನ್ನಾಗಿ ಮಾಡುವುದೆಂದೇ ಅರ್ಥ. ದಯೆಯನ್ನು ಧರ್ಮದ ಮೂಲವೆಂದು ಸಾರಿದ ಶರಣರ ಹೆಸರಿನಲ್ಲಿ ನಡೆಯುವ ಶಾಲೆಯಲ್ಲಿ ಇದು ನಡೆಯಕೂಡದು.

ಆಸನವೇ ಮೊದಲೆಂಬುದು ಹೊಸ ಮಾತೇನೂ ಅಲ್ಲ. ಇಂದಿಗೆ ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಜೆನೊಫನ್ ಅಶ್ವಾರೋಹಣವನ್ನು ಕುರಿತು ಬರೆದ ಗ್ರಂಥದಲ್ಲಿ, ಸವಾರನು ಕುರ್ಚಿಯ ಮೇಲೆ ಕುಳಿತವನಂತಿರದೆ ಕಾಲುಗಳನ್ನು ಅಗಲಿಸಿ ನೆಟ್ಟಗೆ ನಿಂತವನಂತಿರಬೇಕೆಂದೂ, ಮೊಣಕಾಲಿನ ಕೆಳಭಾಗ ಸಡಿಲವಾಗಿ ತೂಗುತ್ತಿರಬೇಕೆಂದೂ ಹೇಳಿದ್ದಾನೆ. ಅವನ ಕಾಲದ ಗ್ರೀಕರಿಗೆ ರಿಕಾಬು, ಅಂದರೆ ನಮ್ಮ ಹಿಂದಿನವರು ಅಂಕವಣಿ ಎನ್ನುತ್ತಿದ್ದ ಕಾಲುಮೆಟ್ಟು, ಇರಲಿಲ್ಲ. ಆಸನವೊಂದರ ಬಲದಿಂದಲೇ ಅವರು ಯುದ್ಧಮಾಡಿದರು. ಬಲಾತ್ಕಾರದಿಂದ ಮಾಡಿಸಿದುದನ್ನು ಕುದುರೆ ಅರಿತು ಮಾಡುವುದಿಲ್ಲವೆಂಬ ಮಾತೂ ಅದೇ ಗ್ರಂಥದಲ್ಲಿದೆ. ಮಕ್ಕಳ ಉಪಾಧ್ಯಾಯರು ಇದನ್ನು ಕುದುರೆಗಷ್ಟೇ ಸೀಮಿತಗೊಳಿಸಿ ಓದಬೇಕಾಗಿಲ್ಲ.

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಎಂಬ ಪ್ರಾಚೀನ ಅಶ್ವವಿದ್ಯಾಶಾಲೆಯಿದೆ. ಅದರ ಮೊದಲ ದಾಖಲೆ 1565ಕ್ಕೆ ಸೇರಿದ್ದು. ಇಂದಿಗೂ ಬಳಕೆಯಲ್ಲಿರುವ ಅದರ ಭವ್ಯವಾದ ಸವಾರಿ ಮಂದಿರ 1735ರಲ್ಲಿ ಪೂರ್ಣಗೊಂಡಿತು. ಅಲ್ಲಿಯ ವಿದ್ಯೆಯನ್ನು ಯುನೆಸ್ಕೋ ಸಂಸ್ಥೆಯು 2015ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಜಗತ್ಪ್ರಸಿದ್ಧವಾದ ಆ ಶಾಲೆಗೆ ಸೇರಿದ ಹೊಸ ಶಿಷ್ಯನಿಗೆ ಮೊದಲು ದೊರೆಯುವುದೇನು? ಚೆನ್ನಾಗಿ ಪಳಗಿದ ಹಿರಿಯ ಕುದುರೆಯೊಂದು; ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗವೊಂದು; ಹಗ್ಗದ ತುದಿಯಲ್ಲಿ ಗುರು. ಶಿಷ್ಯನಿಗೆ ಲಗಾಮೂ ಇಲ್ಲ, ರಿಕಾಬೂ ಇಲ್ಲ. ಗುರುವಿನ ಸುತ್ತ ಕುದುರೆ ವರ್ತುಲಾಕಾರವಾಗಿ ತಿರುಗುತ್ತಿರುವಾಗ ಶಿಷ್ಯನು ಕುಳಿತುಕೊಳ್ಳುವುದನ್ನು ಮಾತ್ರ ಕಲಿಯುತ್ತಾನೆ. ಹಾಗೆ ಕಲಿತವನು ಪೂರ್ಣ ಸವಾರನೆನಿಸಿಕೊಳ್ಳುವುದಕ್ಕೆ ಹಲವು ವರ್ಷಗಳೇ ಹಿಡಿಯುತ್ತವೆ. 2008ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆತಿದೆಯೆಂಬುದನ್ನು, ನಮ್ಮ ಹನ್ನೆರಡು ಮಕ್ಕಳಲ್ಲಿ ಹುಡುಗಿಯರೆಷ್ಟು ಎಂದು ಯೋಚಿಸುವವರ ಗಮನಕ್ಕೆ ತರುತ್ತೇನೆ.

ನಮ್ಮ ಮಕ್ಕಳಿಗೆ ವಿಯೆನ್ನಾದ ವೈಭವ ಬೇಕಾಗಿಲ್ಲ. ಆದರೆ ಅಲ್ಲಿಯ ಕ್ರಮವನ್ನು ನಮ್ಮ ಬಯಲಿನಲ್ಲಿ ಅನುಸರಿಸುವುದಕ್ಕೆ ಅಡ್ಡಿಯಿಲ್ಲ. ಏಳೆಂಟು ಮೀಟರಿನ ಹಗ್ಗ, ಸಮತಟ್ಟಾದ ಮೆತ್ತನೆಯ ನೆಲ, ಒಂದು ಶಾಂತವಾದ ಕುದುರೆ, ಒಬ್ಬ ತಾಳ್ಮೆಯ ಶಿಕ್ಷಕ ಇಷ್ಟಿದ್ದರೆ ಪಾಠ ನಡೆಯುತ್ತದೆ. ಮೊದಲು ನಿಂತ ಕುದುರೆಯ ಮೇಲೆ, ಆಮೇಲೆ ಹೆಜ್ಜೆನಡಿಗೆಯಲ್ಲಿ, ಮಗುವಿಗೆ ಸಣ್ಣ ಸಣ್ಣ ವ್ಯಾಯಾಮಗಳನ್ನು ಮಾಡಿಸಬೇಕು: ಒಂದು ಕೈಯನ್ನು ಮೇಲೆತ್ತುವುದು, ಎರಡು ಕೈಗಳನ್ನೂ ಚಾಚಿ ಸೊಂಟದಿಂದ ಮೇಲಕ್ಕೆ ಮೈಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು, ಬಗ್ಗಿ ಕುದುರೆಯ ಕುತ್ತಿಗೆಯನ್ನು ತಟ್ಟುವುದು, ಪಾದದ ಕೀಲನ್ನು ಸುತ್ತುವುದು, ಭುಜಗಳನ್ನು ಕಿವಿಯವರೆಗೆ ಎತ್ತಿ ಒಮ್ಮೆಲೆ ಬಿಟ್ಟುಬಿಡುವುದು. ಭಯವಾದಾಗ ಹಿಡಿದುಕೊಳ್ಳಲು ಕುದುರೆಯ ಕುತ್ತಿಗೆಗೆ ಒಂದು ಪಟ್ಟಿಯನ್ನು ಕಟ್ಟಿರಬೇಕು. ಅದನ್ನು ಹಿಡಿಯುವುದು ನಾಚಿಕೆಗೇಡೆಂದು ಯಾರೂ ಹೇಳಕೂಡದು. ವರ್ತುಲದ ದಿಕ್ಕನ್ನು ಆಗಾಗ ಬದಲಿಸಬೇಕು. ಇಲ್ಲದಿದ್ದರೆ ಮಗುವಿನ ಭಾರ ಒಂದೇ ಪಾರ್ಶ್ವಕ್ಕೆ ಒಲಿಯುತ್ತದೆ. ಒಂದು ಸಲಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ದಣಿದ ಮೈ ಬಿಗಿದುಕೊಳ್ಳುತ್ತದೆ. ಬಿಗಿದುಕೊಂಡ ಮೈ ಕಲಿಯುವುದು ಬಿಗುವನ್ನೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಡಿಲವಾಗಿ ಕುಳಿತುಕೋ ಎಂದು ಆಜ್ಞೆ ಮಾಡಿದ ಮಾತ್ರಕ್ಕೆ ಯಾವ ಮಗುವೂ ಸಡಿಲವಾಗುವುದಿಲ್ಲ. ಹೆದರಬೇಡವೆಂದು ಗದರಿಸಿದರೆ ಭಯ ಇಮ್ಮಡಿಯಾಗುತ್ತದೆ. ಆದುದರಿಂದ ಸುತ್ತುದಾರಿಯನ್ನು ಹಿಡಿಯಬೇಕು. ಆ ದಾರಿಯ ಬಾಗಿಲು ಉಸಿರು. ಹೆದರಿದ ಮಗು ಉಸಿರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಸಿರು ನಿಂತರೆ ಹೊಟ್ಟೆ, ಬೆನ್ನು, ತೊಡೆಗಳು ಗಂಟುಕಟ್ಟುತ್ತವೆ. ಅಮೆರಿಕದ ಸ್ಯಾಲಿ ಸ್ವಿಫ್ಟ್ ಎಂಬ ಶಿಕ್ಷಕಿ 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸವಾರಿಯ ಬುನಾದಿಗಳನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಒಂದೇ ಕಡೆ ಕೀಲಿಸದ ಮೃದುವಾದ ನೋಟ, ಉಸಿರಾಟ, ದೇಹದ ಕೇಂದ್ರದ ಅರಿವು, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟಂತೆ ಅಂಗಾಂಗಗಳನ್ನು ಒಂದರ ಮೇಲೊಂದು ನೇರವಾಗಿ ನಿಲ್ಲಿಸುವುದು. ಮಗು ನೆಲವನ್ನಾಗಲಿ ಕುದುರೆಯ ಕುತ್ತಿಗೆಯನ್ನಾಗಲಿ ನೋಡುತ್ತ ಕುಳಿತರೆ ತಲೆ ಮುಂದಕ್ಕೆ ಬಾಗುತ್ತದೆ. ಮಕ್ಕಳಲ್ಲಿ ದೇಹಕ್ಕೆ ಹೋಲಿಸಿದರೆ ತಲೆಯ ಭಾರದ ಪಾಲು ದೊಡ್ಡವರಿಗಿಂತ ಹೆಚ್ಚು. ಬಾಗಿದ ತಲೆ ಇಡೀ ಮೈಯನ್ನು ಎಳೆಯುತ್ತದೆ. ಕುದುರೆಯ ಎರಡು ಕಿವಿಗಳ ನಡುವಿನಿಂದ ದೂರದ ಮರವನ್ನೋ ದೇಗುಲದ ಗೋಪುರವನ್ನೋ ನೋಡೆಂದು ಹೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಉಸಿರಿನ ವಿಷಯದಲ್ಲಿ ಮಾತ್ರ ಕನ್ನಡ ಪಂಡಿತನು ತನ್ನ ಕಡೆಯಿಂದ ಒಂದು ಸಲಹೆಯನ್ನು ಸೇರಿಸಬಹುದೆಂದು ತೋರುತ್ತದೆ. ಪದ್ಯವನ್ನು ಗಟ್ಟಿಯಾಗಿ ಹೇಳುವವನು ಉಸಿರನ್ನು ಹಿಡಿದಿಟ್ಟುಕೊಳ್ಳಲಾರ. ಕುದುರೆಯ ಹೆಜ್ಜೆನಡಿಗೆಯಲ್ಲಿ ನಾಲ್ಕು ಗೊರಸುಗಳೂ ಒಂದಾದ ಮೇಲೊಂದರಂತೆ ನೆಲವನ್ನು ಮುಟ್ಟಿ ನಾಲ್ಕು ಪೆಟ್ಟುಗಳಾಗುತ್ತವೆ. ಕುಕ್ಕುಲೋಟದಲ್ಲಿ ಕರ್ಣದ ದಿಕ್ಕಿನ ಕಾಲುಗಳು ಜೋಡಿಯಾಗಿ ಬಿದ್ದು ಎರಡು ಪೆಟ್ಟು. ಅದಕ್ಕಿಂತ ಮೇಲಿನ, ಕ್ಯಾಂಟರ್ ಎಂದು ಕರೆಯುವ ತೂಗಾಟದ ಓಟದಲ್ಲಿ ಮೂರು ಪೆಟ್ಟು, ಅನಂತರ ಒಂದು ಕ್ಷಣದ ಬಿಡುವು. ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುವ ಶರಷಟ್ಪದಿಯನ್ನು ಹೆಜ್ಜೆನಡಿಗೆಯಲ್ಲಿ ಮಗುವಿನಿಂದ ಹೇಳಿಸಿ ನೋಡಬಹುದು. ಮೂರು ಮಾತ್ರೆಯ ಗಣಗಳ ಭೋಗಷಟ್ಪದಿಯನ್ನು ಮುಂದೆ ಮೇಲಿನ ಓಟಕ್ಕೆ ಇಟ್ಟುಕೊಳ್ಳಬಹುದು. ಪದ್ಯ ಬಾರದ ಮಗುವಿಗೆ ಮಗ್ಗಿಯಾದರೂ ಸಾಕು. ಪದ್ಯದ ಲಯವೂ ಗೊರಸಿನ ಲಯವೂ ಒಂದಾಗಿ ಸೇರುವ ಹೊತ್ತಿಗೆ ಮಗು ತಾನು ಹೆದರಿದ್ದೆನೆಂಬುದನ್ನೇ ಮರೆತಿರುತ್ತದೆ. ಛಂದಸ್ಸನ್ನು ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ ಕಲಿಸುವ ನಮಗೆ, ಅದು ಮೈಯಲ್ಲಿ ನಡೆಯುವ ವಸ್ತುವೆಂಬ ನೆನಪೂ ಇದರಿಂದ ಉಂಟಾದೀತು.

ಹೆಜ್ಜೆನಡಿಗೆಯಲ್ಲಿ ಆಸನವು ನೆಲೆಗೊಂಡ ಮೇಲೆ ರಿಕಾಬನ್ನು ಕೊಡಬೇಕು. ಅದರ ಉದ್ದವನ್ನು ಅಳೆಯುವುದಕ್ಕೆ ಸುಲಭವಾದ ರೂಢಿಯೊಂದಿದೆ: ಜೀನಿನಲ್ಲಿ ರಿಕಾಬಿನ ಪಟ್ಟಿ ಸೇರುವ ಜಾಗಕ್ಕೆ ಬೆರಳ ತುದಿಗಳನ್ನಿಟ್ಟು ತೋಳನ್ನು ಚಾಚಿದರೆ ಕಾಲುಮೆಟ್ಟು ಕಂಕುಳಿಗೆ ಮುಟ್ಟಬೇಕು. ಆಮೇಲೆ ಕುಕ್ಕುಲೋಟ. ಅಲ್ಲಿಯೂ ಮೊದಲು ಲಯಕ್ಕೆ ಸರಿಯಾಗಿ ಎದ್ದು ಕೂರುವುದನ್ನು ಕಲಿಸಿ, ಎದ್ದೇಳದೆ ಕುಳಿತೇ ಇರುವುದನ್ನು ನಾಲ್ಕಾರು ಹೆಜ್ಜೆಗಳಿಂದ ಆರಂಭಿಸಿ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ರಿಕಾಬಿಲ್ಲದ ಅಭ್ಯಾಸ ಒಳ್ಳೆಯದೆಂದು ಅದನ್ನು ಅತಿಯಾಗಿ ಎಳೆದರೆ ಮಗು ಮತ್ತೆ ಮೊಣಕಾಲುಗಳಿಂದ ಅವಚತೊಡಗುತ್ತದೆ. ಆಗ ಔಷಧವೇ ರೋಗವಾಗುತ್ತದೆ. ಕೈಗಳು ಮೈಯ ಕುಲುಕಾಟದಿಂದ ಸ್ವತಂತ್ರವಾಗಿ ನಿಲ್ಲಬಲ್ಲುವೆಂದು ಶಿಕ್ಷಕನಿಗೆ ಮನದಟ್ಟಾದ ದಿನ ಲಗಾಮನ್ನು ಕೊಡತಕ್ಕದ್ದು. ಆ ದಿನವನ್ನು ಪಂಚಾಂಗ ನೋಡಿ ನಿಶ್ಚಯಿಸಲಾಗುವುದಿಲ್ಲ. ಒಂದು ಮಗುವಿಗೆ ಮೂರು ತಿಂಗಳಾದರೆ ಇನ್ನೊಂದಕ್ಕೆ ಎಂಟು ತಿಂಗಳಾದೀತು. ಐದು ತಿಂಗಳಲ್ಲಿ ಹನ್ನೆರಡು ಮಕ್ಕಳನ್ನೂ ಸಿದ್ಧಗೊಳಿಸುತ್ತೇವೆಂದು ಮಾತುಕೊಡುವವರು ಮಕ್ಕಳನ್ನು ನೋಡದೆ ಜಾತ್ರೆಯ ತಿಥಿಯನ್ನು ನೋಡುತ್ತಿದ್ದಾರೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಊಹಿಸಬಲ್ಲೆ. ಹಿಂದೆ ಹಳ್ಳಿಯ ಹುಡುಗರು ಜೀನಿಲ್ಲದ ತಟ್ಟುಗಳನ್ನು ಹತ್ತಿ, ಹತ್ತು ಸಲ ಬಿದ್ದು, ಹನ್ನೊಂದನೆಯ ಸಲ ಕಲಿಯಲಿಲ್ಲವೇ ಎಂಬುದು ಮೊದಲನೆಯದು. ಕಲಿತರು ನಿಜ. ಬರಿಯ ಬೆನ್ನಿನ ಸವಾರಿ ಸಮತೋಲವನ್ನು ಕಲಿಸುತ್ತದೆಂಬುದೂ ನಿಜ. ಆದರೆ ಹಾಗೆ ಕಲಿತು ಉಳಿದವರನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಒಮ್ಮೆ ಬಿದ್ದು ಕುದುರೆಯ ಸಹವಾಸವೇ ಬೇಡವೆಂದವರನ್ನೂ, ತಲೆಗೆ ಪೆಟ್ಟಾದವರನ್ನೂ ಲೆಕ್ಕಕ್ಕೆ ಹಿಡಿದವರಿಲ್ಲ. ತಂದೆತಾಯಿಗಳು ನಂಬಿ ಒಪ್ಪಿಸಿದ ಮಗುವಿನ ಮೇಲೆ ಇಂಥ ಪ್ರಯೋಗವನ್ನು ನಡೆಸುವ ಹಕ್ಕು ಶಾಲೆಗಿಲ್ಲ. ಎಷ್ಟು ಜಾಗರೂಕತೆ ವಹಿಸಿದರೂ ಒಂದಲ್ಲ ಒಂದು ದಿನ ಮಗು ಬಿದ್ದೇ ಬೀಳುತ್ತದೆ. ಆದುದರಿಂದಲೇ ಗಲ್ಲದ ಕೆಳಗೆ ಪಟ್ಟಿ ಬಿಗಿದ ಹೆಲ್ಮೆಟ್ ಇಲ್ಲದೆ ಯಾವ ಮಗುವೂ ಕುದುರೆಯ ಬಳಿ ಸುಳಿಯಕೂಡದು. ಪಾದವು ರಿಕಾಬಿನೊಳಗೆ ಜಾರಿ ಸಿಕ್ಕಿಕೊಳ್ಳದಂತೆ ತುಸು ಹಿಮ್ಮಡಿಯುಳ್ಳ ಬೂಟು ಕಾಲಿಗಿರಬೇಕು. ಮೆರವಣಿಗೆಯಲ್ಲಿ ಹೆಲ್ಮೆಟ್ ಬದಲು ಜರಿಪೇಟ ತೊಡಿಸಬೇಕೆಂಬ ಸಲಹೆಯೂ ಬಂದಿದೆ. ಪಟಾಕಿ, ನಗಾರಿ, ಜನಜಂಗುಳಿಗಳ ನಡುವೆ ಬೆದರಿದ ಕುದುರೆಯ ಮೇಲೆ, ಆಸನ ಬಾರದ ಮಗು, ತಲೆಗೆ ಜರಿಪೇಟ: ಇದನ್ನು ಕಣ್ಣಮುಂದೆ ತಂದುಕೊಂಡು ನೋಡಿದರೆ ಹೆಚ್ಚು ವಾದದ ಆವಶ್ಯಕತೆಯಿಲ್ಲ.

ಲಗಾಮಿಲ್ಲದೆ ಸುತ್ತುತ್ತಿದ್ದರೆ ಮಕ್ಕಳಿಗೆ ಬೇಸರ ಬಂದೀತೆಂಬುದು ಎರಡನೆಯ ಆಕ್ಷೇಪ. ಬೇಸರ ಬರುವುದು ನೋಡುವ ದೊಡ್ಡವರಿಗೆ. ಕುದುರೆಯ ಮೇಲೆ ಕಣ್ಣುಮುಚ್ಚಿ ಕುಳಿತು, ಈಗ ಯಾವ ಹಿಂಗಾಲು ನೆಲದಿಂದ ಏಳುತ್ತಿದೆಯೆಂದು ತನ್ನ ಸೊಂಟದಿಂದಲೇ ಅರಿತು ಹೇಳುವ ಆಟವನ್ನು ಆಡಿಸಿದರೆ ಯಾವ ಮಗುವಿಗೂ ಬೇಸರವಾಗುವುದಿಲ್ಲ. ಲಗಾಮಿನ ಚಿಂತೆಯಿಲ್ಲದಿರುವುದರಿಂದಲೇ ಮಗುವಿನ ಗಮನವೆಲ್ಲ ತನ್ನ ಮೈಯ ಮೇಲೂ ಕುದುರೆಯ ಮೇಲೂ ಇರುತ್ತದೆ. ಮೂರನೆಯ ಆಕ್ಷೇಪ ದಾನಿಗಳದು. ಕೊಟ್ಟ ಹಣದ ಫಲ ಕಣ್ಣಿಗೆ ಕಾಣಬೇಡವೇ ಎಂದು ಅವರು ಕೇಳಿದರೆ ಅದು ಅಸಹಜವೇನಲ್ಲ. ಆದರೆ ದಾಸೋಹವೆಂಬ ಮಾತನ್ನು ದಿನವೂ ಉಚ್ಚರಿಸುವ ನಾವು, ಬಡಿಸಿದ ಅನ್ನದ ಫಲವನ್ನು ಪಂಕ್ತಿಯಲ್ಲಿಯೇ ಕಾಣಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲವೆಂಬುದನ್ನು ನೆನೆಯಬೇಕು.

ಕನ್ನಡ ನಾಡಿಗೆ ಕುದುರೆಯ ವಿದ್ಯೆ ಪರಕೀಯವಾದುದಲ್ಲ. ಶರಣರ ಕಲ್ಯಾಣವಾಗುವುದಕ್ಕೆ ಕೆಲವೇ ದಶಕಗಳ ಮುನ್ನ ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಕುದುರೆಗಳ ವಾಹ್ಯಾಳಿಯನ್ನು ಅರಸನ ವಿನೋದಗಳಲ್ಲೊಂದಾಗಿ ವರ್ಣಿಸಿದ್ದಾನೆ. ನಮ್ಮ ವೈಹಾಳಿ ಎಂಬ ಮಾತು ಆ ಶಬ್ದದಿಂದಲೇ ಬಂದುದು. ಅಮರಕೋಶವು ಕುದುರೆಯ ಐದು ಗತಿಗಳಿಗೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಬೇರೆಬೇರೆ ಹೆಸರುಗಳನ್ನು ಕೊಟ್ಟಿದೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳ ಸಾಲುಗಳನ್ನು ಇಂದಿಗೂ ಕಾಣಬಹುದು. ಮೈಸೂರು ಲ್ಯಾನ್ಸರ್ಸ್ ದಳದ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದರು. ನಮ್ಮ ಕಾಲದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಪಡೆದು, 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನವನ್ನು ಗಳಿಸಿದರು. 2023ರಲ್ಲಿ ಚೀನಾದ ಹಾಂಗ್‌ಜೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡವು ಡ್ರೆಸಾಜ್ ಎಂಬ ಸ್ಪರ್ಧೆಯಲ್ಲಿ ಚಿನ್ನವನ್ನು ಗೆದ್ದಿತು. ಅಶ್ವಾರೋಹಣದಲ್ಲಿ 1982ರ ಅನಂತರ, 41 ವರ್ಷಗಳಿಗೆ ನಮಗೆ ದೊರೆತ ಚಿನ್ನವದು. ಗೆಲುವಿನ ತವಕದಲ್ಲಿರುವವರು ಒಂದಂಶವನ್ನು ಗಮನಿಸಬೇಕು. ಡ್ರೆಸಾಜ್ ಎಂಬುದು ವೇಗದ ಸ್ಪರ್ಧೆಯಲ್ಲ, ನೆಗೆತದ ಸ್ಪರ್ಧೆಯೂ ಅಲ್ಲ. ಸವಾರನು ಕುದುರೆಗೆ ತೊಡಕಾಗದಂತೆ ಕುಳಿತು, ನೋಡುವವರಿಗೆ ಕಾಣದಷ್ಟು ಸೂಕ್ಷ್ಮವಾದ ಸನ್ನೆಗಳಿಂದ ಅದನ್ನು ನಡೆಸುವ ಸ್ಪರ್ಧೆ. ನಾಲ್ಕು ದಶಕಗಳ ಅನಂತರದ ಆ ಚಿನ್ನ ಬಂದದ್ದು ಆಸನದ ವಿದ್ಯೆಯಿಂದ.

ಇನ್ನು ದಾನಿಗಳಿಗೆ ನನ್ನ ನಿವೇದನೆ. ತಾವು ಕೊಡಬೇಕೆಂದಿರುವ ಹನ್ನೆರಡು ಕುದುರೆಗಳ ಬದಲು ಎರಡನ್ನು ಕೊಡಿರಿ. ಅವು ಎಳೆಯ, ಚೆಲುವಾದ, ಕುಣಿಯುವ ಕುದುರೆಗಳಾಗಿರಬೇಕಾಗಿಲ್ಲ. ಹತ್ತು ಹದಿನೈದು ವರ್ಷ ವಯಸ್ಸಿನ, ನೂರಾರು ಮಕ್ಕಳ ತಪ್ಪುಗಳನ್ನು ಸಹಿಸಿದ, ಸದ್ದಿಗೆ ಬೆದರದ ಕುದುರೆಗಳಾಗಿರಲಿ. ಕುದುರೆ ಇಪ್ಪತ್ತೈದು ವರ್ಷಗಳವರೆಗೂ ಬಾಳಬಲ್ಲ ಪ್ರಾಣಿ. ನಡುವಯಸ್ಸಿನ ಕುದುರೆಯೇ ಮಕ್ಕಳಿಗೆ ಒಳ್ಳೆಯ ಗುರು. ಉಳಿದ ಹಣವನ್ನು ಅವುಗಳ ಪೋಷಣೆಗೆ ನಿಧಿಯಾಗಿ ಇಡಿರಿ. 400 ಕಿಲೋ ತೂಗುವ ಕುದುರೆಗೆ ದಿನವೊಂದಕ್ಕೆ ಸುಮಾರು 8 ಕಿಲೋ ಒಣ ಮೇವು ಬೇಕು. ಹತ್ತಾರು ಕೊಡ ಅಲ್ಲದಿದ್ದರೂ ಎರಡು ಮೂರು ಕೊಡ ನೀರು ಬೇಕು. ಆರೇಳು ವಾರಗಳಿಗೊಮ್ಮೆ ಗೊರಸನ್ನು ಕತ್ತರಿಸಿ ಸರಿಪಡಿಸಬೇಕು. ಬೆನ್ನೆಲುಬಿಗೆ ಒತ್ತದಂತೆ ಅಳತೆಗೆ ತಕ್ಕ ಜೀನು ಬೇಕು. ಲಾಯಕ್ಕೆ ಆಳು ಬೇಕು. ಪಶುವೈದ್ಯರ ಭೇಟಿ ಬೇಕು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬ ನಿಯಮವನ್ನು ಬಲ್ಲವರು ಪಾಲಿಸುತ್ತಾರೆ. ಉತ್ಸಾಹದಿಂದ ತಾವೂ ಒಂದು ಸುತ್ತು ಹತ್ತಿಬರಲು ಅಪೇಕ್ಷಿಸುವ ಹಿರಿಯರು ಇದನ್ನು ಮನಸ್ಸಿನಲ್ಲಿಡಬೇಕು. ಎಲ್ಲಕ್ಕಿಂತ ಮೊದಲು, ಹಗ್ಗದ ತುದಿಯಲ್ಲಿ ನಿಲ್ಲುವ ಯೋಗ್ಯ ಶಿಕ್ಷಕನೊಬ್ಬನಿಗೆ ಗೌರವವಾದ ಸಂಬಳವನ್ನು ಗೊತ್ತುಮಾಡಬೇಕು. ಕುದುರೆಯನ್ನು ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವುದು ಸುಲಭ. ಅದಕ್ಕೆ ಹುಲ್ಲು ಹಾಕುವವರಿಗೆ ತಿಂಗಳು ತಿಂಗಳು ಸಂಬಳ ಕೊಡುವುದು ಕಷ್ಟ. ಕಾಯಕದ ಕಣ್ಣಿನಿಂದ ನೋಡಿದರೆ ಎರಡನೆಯದೇ ಹಿರಿದಾದ ದಾನ.

ಉಪಾಧ್ಯಾಯ ಮಿತ್ರರಿಗೂ ಒಂದು ಮಾತು. ಅಕ್ಷರ ಕೂಡಿಸಿ ಓದಲು ಬಾರದ ಮಗುವಿನಿಂದ ಗಣ್ಯರ ಮುಂದೆ ಉದ್ದನೆಯ ಭಾಷಣವನ್ನು ಬಾಯಿಪಾಠ ಒಪ್ಪಿಸಿ ಚಪ್ಪಾಳೆ ಗಿಟ್ಟಿಸುವ ಪರಿಪಾಠ ನಮ್ಮಲ್ಲಿ ಇಲ್ಲದೆ ಇಲ್ಲ. ಆಸನ ಬಾರದ ಮಗುವಿಗೆ ಲಗಾಮು ಕೊಟ್ಟು ಮೆರವಣಿಗೆಗೆ ಕಳಿಸುವುದು ಅದೇ ಜಾತಿಯ ಕೆಲಸ. ವ್ಯತ್ಯಾಸವಿಷ್ಟೇ: ತರಗತಿಯಲ್ಲಿ ನಾವು ಬುನಾದಿಯನ್ನು ಬಿಟ್ಟು ಗೋಪುರ ಕಟ್ಟಿದರೆ ಅದು ಕುಸಿಯುವುದು ಹತ್ತು ವರ್ಷಗಳ ಅನಂತರ, ನಮ್ಮ ಕಣ್ಣಿಗೆ ಬೀಳದ ಕಡೆ. ಕುದುರೆಯ ಮೇಲಾದರೆ ಅದು ಅಂದೇ, ಎಲ್ಲರ ಎದುರಿಗೆ ತಿಳಿದುಹೋಗುತ್ತದೆ.

ಆದಕಾರಣ ಆಡಳಿತ ಮಂಡಳಿಯವರು ಈ ಯೋಜನೆಯನ್ನು ಕೈಬಿಡದೆ, ಅದರ ಕ್ರಮವನ್ನು ಮಾತ್ರ ಬದಲಿಸಬೇಕೆಂದು ಪ್ರಾರ್ಥಿಸುತ್ತೇನೆ. ಮೊದಲನೆಯ ವರ್ಷ ಮೆರವಣಿಗೆಯಾಗಲಿ ಪ್ರದರ್ಶನವಾಗಲಿ ಪಂದ್ಯವಾಗಲಿ ಬೇಡ. ಆ ವರ್ಷವೆಲ್ಲ ಮಕ್ಕಳು ಹಗ್ಗದ ಸುತ್ತಿನೊಳಗೆ ಕುಳಿತುಕೊಳ್ಳುವುದನ್ನು ಕಲಿಯಲಿ. ಕುದುರೆಯ ಮೈ ತಿಕ್ಕುವುದನ್ನೂ ಲಾಯವನ್ನು ಗುಡಿಸುವುದನ್ನೂ ಅದರೊಡನೆಯೇ ಕಲಿಯಲಿ. ದಾನಿಗಳು ಬಿಡುವಾದಾಗ ಬೆಳಗ್ಗೆ ಏಳು ಗಂಟೆಗೆ ಬಯಲಿಗೆ ಬಂದು, ಯಾವ ವಾದ್ಯಗಳ ಸದ್ದೂ ಇಲ್ಲದ ಆ ಪಾಠವನ್ನು ಬೇಲಿಯಾಚೆ ನಿಂತು ನೋಡಲಿ. ಎರಡನೆಯ ವರ್ಷದ ಜಾತ್ರೆಯ ಹೊತ್ತಿಗೆ ಹನ್ನೆರಡರ ಬದಲು ನಾಲ್ಕೇ ಮಕ್ಕಳು ಸಿದ್ಧರಾಗಿದ್ದರೆ ಆ ನಾಲ್ವರೇ ಸಾಗಲಿ. ಯಾರೂ ಸಿದ್ಧರಾಗದಿದ್ದರೆ ತೇರು ಎಂದಿನಂತೆ ಭಕ್ತರ ಕೈಯಿಂದ ಮುಂದೆ ಸಾಗಲಿ. ಪೂಜ್ಯ ಶ್ರೀಗಳವರ ಕೃಪೆಯಿಂದ ಈ ವಿದ್ಯೆ ನಮ್ಮ ಮಕ್ಕಳಿಗೆ ಸಕಾಲದಲ್ಲಿ, ಸಕ್ರಮವಾಗಿ ಲಭಿಸಲೆಂದು ಹಾರೈಸುತ್ತೇನೆ.